ಹೋಲ್ಡಾನ್

ಬಸ್ಸಿನೊಳಗೆ ನನ್ನ ಗಂಟಲಿಗೆ ಎಲ್ಲರೂ ಹೆದರುತ್ತಾರೆ.
ಫುಟ್‌ಬೋರ್ಡಿನ ಪಡ್ಡೆಗಳು, ಕೋಳಿ ಬುಟ್ಟಿಯ ಮುದುಕಪ್ಪ,
ಚಿಲ್ಲರೆ ಇಲ್ಲದ ಮೇಷ್ಟ್ರು.
'ಒಳಗ್ ನಡೀರಿ, ಹಿಂದ್ಗಡೆ ಮದ್ವೆ ಊಟ ಹಾಕವ್ರೆ' ಅಂದರೆ
ನಗುತ್ತಲೇ ಜರುಗುತ್ತಾರೆ.
ಕಬ್ಬಿನ ಗಾಡಿ ಅಡ್ಡ ಬಂದಾಗ
ಕಿಟಕಿಯಿಂದ ತಲೆ ಹಾಕಿ ಎತ್ತನ್ನೂ ಬೈದಿದ್ದೇನೆ.

ಡಿಪೋ ಮೀಟಿಂಗಿನಲ್ಲಿ ಮಾತ್ರ
ಹದಿನಾಲ್ಕು ವರ್ಷ
ಹಿಂದಿನ ಸಾಲು, ಕಂಬದ ಮರೆ,
ತೊಡೆಯ ಮೇಲೆ ಚರ್ಮದ ಚೀಲ.
'ಏನ್ರಪ್ಪ, ಎಲ್ಲರದೂ ಒಪ್ಪಿಗೆ ತಾನೆ' ಎಂದರೆ ಸಾಹೇಬರು
ನಲವತ್ತು ತಲೆ ಒಟ್ಟಿಗೆ ಆಡುವುದು,
ಗಾಳಿ ತಳ್ಳಿದ ಕಡೆಗೆ ಸೋಗೆ ವಾಲಿದ ಹಾಗೆ.
ಹತ್ತರ ಕೂಡ ಹನ್ನೊಂದಾಗು ಮಗ, ತಲೆ ಉಳೀತದೆ,
ಅನ್ನುತ್ತಿದ್ದಳು ಅವ್ವ.
ಉಳಿದಿತ್ತು.
ರೈಟ್, ರೈಟ್.

ಆ ಸೋಮವಾರ ಓದಿದ ಕಾಗದದಲ್ಲಿ ಎಂಟನೆಯ ಸಾಲು:
ರಾತ್ರಿ ಒಂಬತ್ತು ಹತ್ತರ ಗಾಡಿ, ಮಂಡ್ಯದಿಂದ ತೊಪ್ಪನಕಟ್ಟೆ.
ಕಲೆಕ್ಷನ್ ಇಲ್ಲ. ರದ್ದು.
'ಹೆಂಗಸರೇ ಜಾಸ್ತಿ. ಎಲ್ಲ ಸೊನ್ನೆ ಟಿಕೆಟ್ಟು'
ಎಂದರು ಕಂಟ್ರೋಲರ್ ನಾಗಲಿಂಗಯ್ಯ, ಹಾಳೆ ಮಡಚುತ್ತ.
ಯಾರೋ ನಕ್ಕರು. ನಗು ಸಾಲಿಂದ ಸಾಲಿಗೆ ದಾಟಿ
ನನ್ನ ತುಟಿಯವರೆಗೂ ಬಂತು.
ಮೀಟಿಂಗಿನ ನಗುವಿಗೆ ಟಿಕೆಟ್ ಬೇಡ.

ನನ್ನದೇ ಡ್ಯೂಟಿ ಅದು. ಆ ಗಾಡಿಯಲ್ಲಿ
ಗಾರ್ಮೆಂಟಿನ ಏಳು ಜನ, ಕೂದಲ ತುಂಬ ಬಟ್ಟೆಯ ಧೂಳು;
ಕೂತೊಡನೆ ಚಪ್ಪಲಿ ಬಿಚ್ಚಿ ಕಣ್ಣು ಮುಚ್ಚುವ
ಆಸ್ಪತ್ರೆಯ ಆಯಾ ಮುಬೀನಾ;
ಮಾರಿ ಉಳಿದ ಗೇಣು ಕನಕಾಂಬರವನ್ನು
ನನ್ನ ಚೀಲದ ಕೊಂಡಿಗೆ ಕಟ್ಟುವ ಕೆಂಪಮ್ಮಣ್ಣಿ.
ನಾಲೆ ಏರಿಯ ಮೇಲೆ ದೀಪ ಇಲ್ಲ. ಅಲ್ಲಿ ಡ್ರೈವರ್ ಜವರಪ್ಪ
ಇಳಿದವರು ಸೇತುವೆ ದಾಟುವ ತನಕ
ಹೆಡ್‌ಲೈಟ್ ಹಿಡಿದು ನಿಲ್ಲುತ್ತಾನೆ.
ಅದಕ್ಕೆ ಲೆಕ್ಕದಲ್ಲಿ ಕಾಲಮ್ಮಿಲ್ಲ.

ಜವರಪ್ಪನ ಕಡೆ ನೋಡಿದೆ. ಅವನು ತನ್ನ ಬೂಟು ನೋಡುತ್ತಿದ್ದ.
ಎಲ್ಲರ ಕಡೆ ನೋಡಿದೆ. ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು,
ಯಾರಾದರೂ ಅನ್ನಲಿ, ಆಮೇಲೆ ನಾನೂ ಅಂತೀನಿ
ಎನ್ನುವ ಹಾಗೆ.

'ಹಾಗಾದ್ರೆ ಒಪ್ಪಿಗೆ...'

ಅನ್ನಬೇಕೆಂದುಕೊಂಡದ್ದು 'ಸಾರ್, ಒಂದ್ ನಿಮಿಷ' ಅಂತ.
ಬಾಯಿಂದ ಬಂದದ್ದು
'ಹೋಲ್ಡಾನ್!'

ಹೊರಗೆ ಡೀಸೆಲ್ ಹಾಕುವವನ ಕೈಯೂ ನಿಂತಿತಂತೆ.
ಸಾಹೇಬರ ಪೆನ್ನು ಬ್ರೇಕಿಗೆ ಮುಗ್ಗರಿಸಿ ನಿಂತಿತು.
ಮಂಡಿ ನಡುಗುತ್ತಿತ್ತು. ಎರಡು ಮಾತು ತೊದಲಿದೆ,
ಮೂರನೆಯದಕ್ಕೆ ಕಣ್ಣೀರು ಬಂದು ನನ್ನ ಮೇಲೆ ನನಗೇ ಸಿಟ್ಟು ಬಂತು,
ಆ ಸಿಟ್ಟಿನಲ್ಲಿ ಗಂಟಲು ಸಿಕ್ಕಿತು:
'ಸೊನ್ನೆ ಇರೋದು ಚೀಟಿ ಮೇಲೆ ಸಾರ್,
ಸೀಟ್ ಮೇಲೆ ಜನ ಅವ್ರೆ.
ಒಂದಿನ ಹತ್ತಿ ನೀವು. ನಾಲೆ ಏರಿ ಮೇಲೆ ಇಳೀರಿ.
ಲೈಟ್ ಆರ್ಸು ಅಂತೀನಿ ಜವರಪ್ಪಂಗೆ.
ಊರ್ ಗಂಟ ನಡೀರಿ. ಆಮೇಲೆ ರುಜು ಹಾಕಿ.'

ಗೆದ್ದೆ ಅಂತೇನಿಲ್ಲ.
'ಮುಂದಿನ ತಿಂಗಳು ನೋಡೋಣ' ಎಂದು ಬರೆದುಕೊಂಡರು.
ನಾಗಲಿಂಗಯ್ಯ ಎರಡು ದಿನ ನನ್ನ ವೇಬಿಲ್ಲನ್ನು
ಮುಖ ನೋಡದೆ ಇಸಿದುಕೊಂಡರು.
'ಹೆಣ್ಣಿಗೆ ಇಷ್ಟು ಬಾಯಿ' ಎಂದದ್ದೂ ಕಿವಿಗೆ ಬಿತ್ತು.
ಇದೇ ಬಾಯಿ ತಾನೆ
ಇಷ್ಟು ದಿನ ನಿಮಗೆ ಕಲೆಕ್ಷನ್ ತಂದದ್ದು?

ಟೀ ಅಂಗಡಿಯ ಹಿಂದೆ ನಾಲ್ಕು ಜನ ಒಬ್ಬೊಬ್ಬರಾಗಿ ಬಂದು
'ನಾನೂ ಅದನ್ನೇ ಅನ್ನೋಣ ಅಂತಿದ್ದೆ ಕಣಕ್ಕ' ಎಂದರು,
ಮೆಲ್ಲಗೆ, ಆಚೀಚೆ ನೋಡಿ.
ಅನ್ನಿ ಮತ್ತೆ, ಎಂದೆ.
ಹಿಂದಿನ ಸೀಟಿಗೂ ಕೇಳುವ ಹಾಗೆ.

ರಾತ್ರಿ ಒಂಬತ್ತು ಹತ್ತು.
ಜವರಪ್ಪ ಏನೂ ಹೇಳಲಿಲ್ಲ. ಏರಿಯ ಮೇಲೆ ನಿಲ್ಲಿಸಿದ.
ಮುಬೀನಾ ನಿದ್ದೆಗಣ್ಣಲ್ಲೇ ಚಪ್ಪಲಿ ತಡಕಿ ಇಳಿದಳು,
ಅವಳಿಗೇನು ಗೊತ್ತು.
ಒಬ್ಬೊಬ್ಬರೇ ಬೆಳಕಿನಲ್ಲಿ ನಡೆದರು.
ರೈಟ್ ಅನ್ನಲು ಬಾಯಿ ತೆರೆದೆ,
ಮುಚ್ಚಿದೆ.
ಇನ್ನೂ ಒಬ್ಬಳು ಸೇತುವೆ ದಾಟಿರಲಿಲ್ಲ.